ಆರು ರುಚಿಯೂ ಉಂಟು, ಪರಿಮಳ ಮಾತ್ರ ಇಲ್ಲ

ನಮ್ಮ ಅತ್ತೆ ಬಿದ್ದದ್ದು ಮೂರು ವರ್ಷದ ಹಿಂದೆ, ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ. ಅವರ ಮೂಗಿಗೆ ವಾಸನೆ ತಿಳಿಯುತ್ತಿಲ್ಲ ಅಂತ ನಮಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ನಡುವಿನ ಆ ಮೂರು ತಿಂಗಳು ನೆನಪಾದರೆ ನನಗೆ ಈಗಲೂ ಸಂಕಟ ಆಗುತ್ತದೆ. ಒಂದೇ ಮನೆ, ಒಂದೇ ಅಡಿಗೆಮನೆ, ದಿನಾ ಒಟ್ಟಿಗೆ ಊಟ. ಆದರೂ ಯಾರೂ ಕೇಳಲಿಲ್ಲ. ಬೇರೆ ಯಾವುದಾದರೂ ಮನೆಯಲ್ಲಿ ತಲೆಗೆ ಪೆಟ್ಟಾದವರು ಇದ್ದರೆ ಅವರನ್ನು ಮೊದಲ ವಾರವೇ ಯಾರಾದರೂ ಕೇಳಲಿ ಅಂತ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಅತ್ತೆಗೆ ಓದಿ ಹೇಳಿದ್ದೇನೆ. "ಹೆಸರು ಹಾಕಬೇಡ, ಉಳಿದದ್ದು ಇದ್ದ ಹಾಗೆ ಬರಿ" ಅಂದರು.

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಹೋಗಬೇಕಾದ ಊರು. ಅಡಿಕೆ ತೋಟ, ನಡುವೆ ಸ್ವಲ್ಪ ಕೊಕ್ಕೋ, ಹಟ್ಟಿಯಲ್ಲಿ ಎರಡು ದನ. ನಾನು ಕನ್ನಡ ಶಾಲೆಯಲ್ಲಿ ಟೀಚರ್. ಅತ್ತೆಗೆ ಆಗ 58 ವರ್ಷ. ಈ ಮನೆಯ ಮೂಗು ಅಂದರೆ ಅವರೇ ಆಗಿದ್ದರು. ಮಜ್ಜಿಗೆ ಹುಳಿ ಬಂದದ್ದು ಮುಚ್ಚಳ ತೆಗೆಯುವ ಮೊದಲೇ ಅವರಿಗೆ ಗೊತ್ತು. ಅಟ್ಟದಲ್ಲಿ ಅಡಿಕೆ ಚೀಲ ಮುಗ್ಗಿದರೆ ಕೆಳಗೆ ನಿಂತೇ ಹೇಳುತ್ತಿದ್ದರು. ಬೆಣ್ಣೆ ಕಾಯಿಸಲು ಇಟ್ಟು ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದರು, ಹೊತ್ತಾದಾಗ ಅಲ್ಲಿಂದಲೇ "ಒಲೆ ನಂದಿಸು ಮಗಾ" ಅಂತ ಕೂಗುತ್ತಿದ್ದರು. ಓಡಿ ಹೋಗಿ ನೋಡಿದರೆ ತುಪ್ಪ ಹದಕ್ಕೆ ಸರಿಯಾಗಿ ಬಂದಿರುತ್ತಿತ್ತು.

ಆ ದಿನ ಬೆಳಿಗ್ಗೆ ಹಾಲು ಕರೆದು ಹಟ್ಟಿಯಿಂದ ಬರುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಅಂಗಳ ಪೂರ್ತಿ ಪಾಚಿ. ಜಾರಬಾರದು ಅಂತ ಅಡಿಕೆ ಮರ ಸೀಳಿ ಸಾಲಾಗಿ ಹಾಸಿರುತ್ತೇವೆ. ಒಂದು ಹೆಜ್ಜೆ ಆಚೆ ಇಟ್ಟರು. ಎರಡು ಕಾಲೂ ಒಟ್ಟಿಗೆ ಮುಂದೆ ಹೋಗಿ, ಹಿಂದಕ್ಕೆ ಬಿದ್ದು, ತಲೆಯ ಹಿಂಭಾಗ ಕೆಂಪುಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಹಿಂದಕ್ಕೆ ಬಿದ್ದರು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಮುಖ್ಯ ಆಗುತ್ತದೆ. ಕೆಲವು ನಿಮಿಷ ಎಚ್ಚರ ಇರಲಿಲ್ಲ. ಎರಡು ಸಲ ವಾಂತಿ. ಗಡಿ ದಾಟಿ ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸಿಟಿ ಸ್ಕ್ಯಾನಿನಲ್ಲಿ ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ, ಸಣ್ಣ ರಕ್ತಗಾಯ ಕಂಡಿತು. ಆಪರೇಷನ್ ಬೇಡ ಅಂದರು. ಆರು ದಿನ ಇಟ್ಟುಕೊಂಡು ಕಳಿಸಿದರು. ಅತ್ತೆ ನಡೆಯುತ್ತಿದ್ದರು, ಮಾತಾಡುತ್ತಿದ್ದರು, ಎಲ್ಲರ ಗುರುತೂ ಇತ್ತು. ಕೊಟ್ಟ ಕಾಗದದಲ್ಲಿ ಫಿಟ್ಸ್ ಬಾರದಿರಲು ಮಾತ್ರೆ, ಮತ್ತೆ ಬರಬೇಕಾದ ದಿನ, ತಲೆಗೆ ಯಾವಾಗ ನೀರು ಹಾಕಬಹುದು, ಎಲ್ಲ ಇತ್ತು. ಮೂಗಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಜೀವ ಉಳಿಸಿದವರ ಮೇಲೆ ನನಗೆ ಗೌರವ ಇದೆ. ಆದರೆ ಹೊರಡುವಾಗ "ಅಮ್ಮಾ, ವಾಸನೆ ಬರ್ತದಾ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮನೆಗೆ ಬಂದ ಮೇಲೆ ಅಡಿಗೆ ನನ್ನ ಪಾಲಿಗೆ ಬಂತು. ಎರಡನೇ ವಾರದಿಂದ ಅತ್ತೆ ಒಂದೇ ಮಾತು ಹೇಳತೊಡಗಿದರು. ಸಪ್ಪೆ. ಸಾರು ಸಪ್ಪೆ, ಪಲ್ಯ ಸಪ್ಪೆ, ಕಾಫಿ ಬರೀ ಬಿಸಿನೀರು. "ಎಂತ ಮಗಾ, ಇದಕ್ಕೆ ಎಂತದೂ ಹಾಕಲಿಲ್ವಾ?" ಇಂಗು ಹಾಕಿದ್ದೆ, ಕೊತ್ತಂಬರಿ ಹುರಿದು ಹಾಕಿದ್ದೆ, ಅವರು ಹೇಳಿಕೊಟ್ಟ ಅಳತೆಯಲ್ಲೇ ಹಾಕಿದ್ದೆ. ನನಗೆ ತುಂಬ ನೋವಾಗುತ್ತಿತ್ತು. ಏಳು ವರ್ಷ ಆದಮೇಲೂ ನನ್ನ ಅಡಿಗೆ ಹಿಡಿಸಲಿಲ್ವಲ್ಲ ಅಂತ ರಾತ್ರಿ ಗಂಡನ ಹತ್ತಿರ ಹೇಳಿ ಅತ್ತದ್ದೂ ಉಂಟು. ಅವರು "ಅಮ್ಮನ ಸ್ವಭಾವ ಪೆಟ್ಟಿನ ಮೇಲೆ ಸ್ವಲ್ಪ ಬದಲಾಗಿದೆ, ಸುಮ್ನಿರು" ಅಂದರು. ಮಾವ "ಮಾತ್ರೆಯ ಉಷ್ಣಕ್ಕೆ ನಾಲಿಗೆ ಕೆಟ್ಟಿದೆ" ಅಂದರು. ಅತ್ತೆ ಎಲ್ಲದಕ್ಕೂ ಮೇಲಿಂದ ಉಪ್ಪು ಹಾಕಿಕೊಳ್ಳತೊಡಗಿದರು. ಉಪ್ಪಿನಕಾಯಿ ಎಲೆಯ ತುದಿಯಿಂದ ನಡುವಿಗೆ ಬಂತು. ಆಮೇಲೆ ಅದೂ ಬೇಡ ಆಯಿತು. ನಾಲ್ಕು ಹಿಡಿ ಗಂಜಿ ಉಂಡು ಏಳುತ್ತಿದ್ದರು. 61 ಕಿಲೋ ಇದ್ದವರು 54ಕ್ಕೆ ಇಳಿದರು.

ನೀವು ಕೇಳಬಹುದು, ಅವರಿಗೇ ಗೊತ್ತಾಗಲಿಲ್ವಾ ಅಂತ. ಗೊತ್ತಾಗಲಿಲ್ಲ. ಇದು ನನಗೆ ಬಹಳ ತಡವಾಗಿ ಅರ್ಥ ಆದ ವಿಷಯ. ಕಣ್ಣು ಕಾಣದಿದ್ದರೆ ಕತ್ತಲೆ ಆಗುತ್ತದೆ. ಕಿವಿ ಕೇಳದಿದ್ದರೆ ಎದುರಿಗಿದ್ದವರ ಬಾಯಿ ಮಾತ್ರ ಆಡುವುದು ಕಾಣುತ್ತದೆ. ಮೂಗು ಹೋದರೆ ಹಾಗೆ ಏನೂ ಆಗುವುದಿಲ್ಲ. ಪರಿಮಳ ಇಲ್ಲದ ಹೊತ್ತು ಎಲ್ಲರಿಗೂ ದಿನದಲ್ಲಿ ಎಷ್ಟೋ ಇರುತ್ತದೆ, ಅಲ್ವಾ? ಹಾಗಾಗಿ ಅತ್ತೆಯ ಲೆಕ್ಕದಲ್ಲಿ ಅವರ ಮೂಗು ಸರಿ ಇತ್ತು, ಕೆಟ್ಟದ್ದು ಅಡಿಗೆ. ಸೊಸೆ ಮಸಾಲೆ ಉಳಿಸುತ್ತಿದ್ದಾಳೆ, ಅಂಗಡಿಯ ಇಂಗು ಕಲಬೆರಕೆ, ಈ ಸಲದ ಕೊತ್ತಂಬರಿ ಹಳತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಎಲೆಗೆ ಬಿದ್ದ ಸಾರು ನಿಜಕ್ಕೂ ಹಾಗೇ ಇತ್ತು.

ದೀಪಾವಳಿ ಕಳೆದು ಒಂದು ವಾರ ಆಗಿತ್ತು. ಸಂಜೆ ಶಾಲೆಯಿಂದ ಬಂದೆ. ಅಂಗಳದಲ್ಲಿ ಚಪ್ಪಲಿ ಬಿಡುವಾಗಲೇ ಗ್ಯಾಸಿನ ವಾಸನೆ. ಒಳಗೆ ಓಡಿದೆ. ಅತ್ತೆ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಹೂ ಕಟ್ಟುತ್ತಿದ್ದರು, ಒಲೆಯಿಂದ ನಾಲ್ಕು ಮೊಳ ದೂರದಲ್ಲಿ. ಹಾಲು ಉಕ್ಕಿ ಬೆಂಕಿ ನಂದಿತ್ತು. ಬರ್ನರ್ ಸುತ್ತ ಹಾಲು ಹೆಪ್ಪುಗಟ್ಟಿದ ಹಾಗೆ ಅಂಟಿತ್ತು. ಗ್ಯಾಸ್ ಸುಂಯ್ ಅಂತ ಬರುತ್ತಲೇ ಇತ್ತು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಅವರನ್ನು ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದೆ. ದೇವರ ಮನೆಯಲ್ಲಿ ದೀಪ ಹಚ್ಚುವ ಹೊತ್ತು ಅದು. ಇನ್ನು ಹತ್ತು ನಿಮಿಷಕ್ಕೆ ಅವರೇ ಬೆಂಕಿಕಡ್ಡಿ ಗೀರುತ್ತಿದ್ದರು.

"ನಿಮಗೆ ವಾಸನೆ ಬರಲಿಲ್ವಾ ಅತ್ತೆ?" ಅಂತ ಕೇಳಿದೆ.

"ಯಾವ ವಾಸನೆ?" ಅಂದರು.

ಕೈಯಲ್ಲಿ ಇನ್ನೂ ಅರ್ಧ ಕಟ್ಟಿದ ಮಲ್ಲಿಗೆ ದಂಡೆ ಇತ್ತು. ಅದನ್ನೇ ಅವರ ಮೂಗಿಗೆ ಹಿಡಿದೆ. ಎರಡು ಸಲ ಉಸಿರು ಎಳೆದರು. ನನ್ನ ಮುಖ ನೋಡಿದರು. "ಇದಕ್ಕೆ ಪರಿಮಳ ಉಂಟಾ ಮಗಾ?" ಅಂದರು. ಆ ಪ್ರಶ್ನೆಯನ್ನು ನಾನು ಮರೆಯಲಾರೆ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಗೊತ್ತಾಯಿತು.

ಅಡಿಗೆ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಮನುಷ್ಯರಿಗೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ನಾರುವ ರಾಸಾಯನಿಕ ಬೆರೆಸುತ್ತಾರೆ. ಅಂದರೆ ಆ ಎಚ್ಚರಿಕೆ ಪೂರ್ತಿ ನಿಂತಿರುವುದು ನಮ್ಮ ಮೂಗಿನ ಮೇಲೆ. ಮೂಗು ಇಲ್ಲದ ಮನೆಗೆ ಬೇರೆ ವ್ಯವಸ್ಥೆ ಆಗಲೇಬೇಕು. ಅದನ್ನು ಮುಂದೆ ಹೇಳುತ್ತೇನೆ.

ಊರಲ್ಲಿ ಸುದ್ದಿ ಹಬ್ಬಿದಾಗ ಎಲ್ಲರೂ ಹೇಳಿದ್ದು ಒಂದೇ. ಕೊರೊನಾ ಇರಬೇಕು, ಹದಿನೈದು ದಿನದಲ್ಲಿ ಸರಿ ಹೋಗ್ತದೆ. 2020ರ ನಂತರ ವಾಸನೆ ಹೋಗುವುದು ಅಂದರೆ ಎಲ್ಲರಿಗೂ ನೆನಪಾಗುವುದು ಅದೇ. ಸಮಾಧಾನಕ್ಕೆ ಹೇಳಿದ ಮಾತು, ತಪ್ಪು ಹೇಳಲಾರೆ. ಆದರೆ ಅದನ್ನು ನಂಬಿ ನಾವು ಇನ್ನೂ ಎರಡು ವಾರ ಕಳೆದೆವು.

ಕೊನೆಗೆ ಕಾಸರಗೋಡು ಪೇಟೆಯ ಒಬ್ಬ ಇಎನ್‌ಟಿ ಡಾಕ್ಟರ ಹತ್ತಿರ ಹೋದೆವು. ಮಲಯಾಳಿ. ಅತ್ತೆಗೆ ಮಲಯಾಳ ಅರ್ಥ ಆಗುತ್ತದೆ, ಮಾತು ಕಷ್ಟ. "ಮಣಂ ಕಿಟ್ಟುನ್ನುಂಡೋ?" ಅಂತ ಅವರು ಕೇಳಿದರು. ವಾಸನೆ ಸಿಗುತ್ತದಾ ಅಂತ. ನಾಲ್ಕು ತಿಂಗಳಲ್ಲಿ ಡಾಕ್ಟರೊಬ್ಬರು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಪರೀಕ್ಷೆ ಸರಳ. ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿಸಿ, ಇನ್ನೊಂದಕ್ಕೆ ಕಾಫಿಪುಡಿ. ಇಲ್ಲ. ಸಾಬೂನು. ಇಲ್ಲ. ಲವಂಗದ ಎಣ್ಣೆ. ಇಲ್ಲ. ಆಮೇಲೆ ಒಂದು ಸಣ್ಣ ಬಾಟಲಿ ಹಿಡಿದರು, ಅಮೋನಿಯ. ಅತ್ತೆ ತಟ್ಟನೆ ಹಿಂದೆ ಸರಿದರು, ಕಣ್ಣಲ್ಲಿ ನೀರು. "ಬಂತು! ಬಂತು!" ಅಂದರು. ನನಗೂ ಜೀವ ಬಂದ ಹಾಗಾಯಿತು. ಡಾಕ್ಟರು ಮೆಲ್ಲಗೆ ತಲೆ ಅಲ್ಲಾಡಿಸಿದರು. ಅದು ವಾಸನೆ ಅಲ್ಲ, ಮುಖದ ಉರಿ, ನೋವು, ತಂಪು ತಿಳಿಸುವ ಬೇರೆ ನರದ ಕೆಲಸ, ಆ ನರ ಸರಿ ಇದೆ ಅಂದರು.

ಮತ್ತೆ ನಾಲಿಗೆ. ಸಕ್ಕರೆ ನೀರು, ಉಪ್ಪು ನೀರು, ನಿಂಬೆ, ಕಹಿ. ಒಂದೊಂದೇ ಹನಿ. ಎಲ್ಲವನ್ನೂ ಸರಿಯಾಗಿ ಹೇಳಿದರು. ನಾಲಿಗೆಯ ನರಗಳಿಗೆ ಏನೂ ಆಗಿರಲಿಲ್ಲ. ತಲೆಪೆಟ್ಟಿನಲ್ಲಿ ನಾಲಿಗೆಯ ರುಚಿಯೇ ಹೋಗುವುದು ಅಪರೂಪವಂತೆ. "ಬಾಯಿ ರುಚಿ ಹೋಯಿತು" ಅನ್ನುವವರಲ್ಲಿ ಹೆಚ್ಚಿನವರಿಗೆ ಹೋಗಿರುವುದು ವಾಸನೆ.

ಬಸ್ಸಿನಲ್ಲಿ ಬರುವಾಗ ನಾನು ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಬೇರೆ ಮಾತು ಮೊದಲೇ ಇದೆಯಲ್ಲ. ಮೆಣಸು ಹುರಿದಾಗ ಕೆಮ್ಮು ಬರಿಸುವುದು ಘಾಟು. ಸಾರಿಗೆ ಒಗ್ಗರಣೆ ಬಿದ್ದಾಗ ಬರುವುದು ಪರಿಮಳ. ಅತ್ತೆಗೆ ಘಾಟು ಉಳಿದಿದೆ, ಪರಿಮಳ ಹೋಗಿದೆ. ಹಿರಿಯರು ಎಣಿಸಿದ ಆರು ರುಚಿ, ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಆರೂ ಅವರಿಗೆ ಗೊತ್ತಾಗುತ್ತವೆ. ಅದರಲ್ಲಿ ಖಾರ ಮತ್ತು ಒಗರು ಆ ಉರಿ-ಸ್ಪರ್ಶದ ನರದ ಪಾಲಿನವು. ಆರೂ ಇದ್ದು ಊಟಕ್ಕೆ ರುಚಿಯೇ ಇಲ್ಲ. ಯಾಕೆಂದರೆ ಜಗಿಯುವಾಗ ಬಾಯಿಯ ಹಿಂದಿನಿಂದ ಮೂಗಿಗೆ ಏರುವ ಪರಿಮಳವನ್ನೂ ನಾವು ನಾಲಿಗೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತೇವೆ. ನಂಬಿಕೆ ಬಾರದಿದ್ದರೆ ಮೂಗು ಬಿಗಿಯಾಗಿ ಹಿಡಿದು ಏಲಕ್ಕಿ ಹಾಕಿದ ಪಾಯಸ ಒಂದು ಚಮಚ ಬಾಯಿಗೆ ಹಾಕಿ. ಬರೀ ಸಿಹಿ. ಮೂಗು ಬಿಟ್ಟ ಕೂಡಲೇ ಏಲಕ್ಕಿ ಬರುತ್ತದೆ. ನಾನು ಆ ರಾತ್ರಿ ಮೂಗು ಹಿಡಿದುಕೊಂಡು ನನ್ನದೇ ಸಾರು ಉಂಡು ನೋಡಿದೆ. ಸಪ್ಪೆ. ಅತ್ತೆ ಹೇಳಿದ್ದು ಅಕ್ಷರಶಃ ನಿಜ.

ಹೇಗೆ ಹೋಯಿತು ಅನ್ನುವುದನ್ನು ಡಾಕ್ಟರು ಚಿತ್ರ ಬರೆದು ತೋರಿಸಿದರು. ಮೂಗಿನ ಒಳಗೆ ಮೇಲ್ಗಡೆ ಜರಡಿಯ ಹಾಗೆ ತೂತು ತೂತಾದ ಒಂದು ತೆಳು ಎಲುಬು ಇದೆ. ವಾಸನೆಯ ನರದ ಎಳೆಗಳು ಆ ತೂತುಗಳ ಮೂಲಕ ಮೂಗಿನಿಂದ ಮಿದುಳಿಗೆ ಹೋಗುತ್ತವೆ, ಬಾಳೆನಾರಿಗಿಂತ ಎಷ್ಟೋ ನಯ. ಮಿದುಳು ತಲೆಬುರುಡೆಯೊಳಗೆ ನೀರಿನಲ್ಲಿ ತೇಲಿದ ಹಾಗೆ ಇರುವುದು. ಹಿಂದಕ್ಕೆ ಬಿದ್ದು ತಲೆಯ ಹಿಂಭಾಗ ಬಡಿದಾಗ ಮಿದುಳು ಒಳಗೆ ಹಿಂದೆ ಮುಂದೆ ಜಾರುತ್ತದೆ, ಜರಡಿ ಎಲುಬು ಇದ್ದಲ್ಲೇ ಇರುತ್ತದೆ, ನಡುವಿನ ಎಳೆ ತುಂಡಾಗುತ್ತದೆ. ಮುಂಭಾಗದ ಮಿದುಳು ಎದುರಿನ ಎಲುಬಿಗೆ ತಾಗಿ ಜಜ್ಜಿಹೋಗುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಎಲುಬು ಕಾಣುತ್ತದೆ, ರಕ್ತ ಕಾಣುತ್ತದೆ, ಈ ಎಳೆ ಕಾಣುವುದಿಲ್ಲ. ಪೆಟ್ಟು ದೊಡ್ಡದೇ ಆಗಬೇಕೆಂದಿಲ್ಲ, ಎಚ್ಚರ ತಪ್ಪದವರಿಗೂ ಹೀಗಾಗುವುದುಂಟು. ಬಗ್ಗಿದಾಗ ಮೂಗಿನಿಂದ ತಿಳಿನೀರು ಇಳಿದದ್ದು ಉಂಟಾ ಅಂತಲೂ ಕೇಳಿದರು. ಇರಲಿಲ್ಲ. ಇದ್ದರೆ ಅದು ಶೀತ ಅಂತ ಬಿಡಬಾರದು, ಮಿದುಳಿನ ಸುತ್ತಲಿನ ನೀರೇ ಸೋರುತ್ತಿರಬಹುದು, ಸೋಂಕು ಒಳಗೆ ಹೋಗುವ ಅಪಾಯ, ಕೂಡಲೇ ಬರಬೇಕು ಅಂದರು. ಇದನ್ನು ಓದುವವರೂ ಗಮನದಲ್ಲಿಡಿ.

ಆಮೇಲಿನ ಎಂಆರ್‌ಐಯಲ್ಲಿ ಹಣೆಯ ಹಿಂದಿನ ಮಿದುಳಿನ ತಳದಲ್ಲಿ ಕಲೆ ಉಳಿದದ್ದು ಕಂಡಿತು. ವಾಪಸ್ ಬರ್ತದಾ ಅಂತ ಅತ್ತೆ ಕೇಳಿದರು. ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಮತ್ತೆ ಹುಟ್ಟುತ್ತವೆ, ದೇಹದ ನರಕೋಶಗಳಲ್ಲಿ ಇದು ಅಪರೂಪದ ಗುಣ. ಆದರೆ ಹೊಸ ಎಳೆ ಜರಡಿಯ ತೂತು ಹುಡುಕಿಕೊಂಡು ಮೇಲೆ ಹೋಗಬೇಕು, ಅಲ್ಲಿ ಗಾಯದ ಕಲೆ ಅಡ್ಡ ಇದ್ದರೆ ದಾರಿ ಸಿಗುವುದಿಲ್ಲ. ವೈರಸ್ಸಿನಿಂದ ಹೋದದ್ದಕ್ಕಿಂತ ಪೆಟ್ಟಿನಿಂದ ಹೋದದ್ದು ಬರುವುದು ಕಡಿಮೆ. ಬರುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದೊಳಗೆ. ಇನ್ನೊಂದು ಮಾತೂ ಹೇಳಿದರು. ಮುಂಭಾಗದ ಮಿದುಳಿಗೆ ಪೆಟ್ಟಾದರೆ ಸಿಟ್ಟು, ಬೇಗ ದಣಿವು, ಯಾವುದಕ್ಕೂ ಉಮೇದು ಇಲ್ಲದಿರುವುದು ಅದರಿಂದಲೇ ಬರಬಹುದು, ಎಲ್ಲವನ್ನೂ ಮೂಗಿನ ತಲೆಗೆ ಕಟ್ಟಬೇಡಿ ಅಂದರು. ಇದರಿಂದ ನಮಗೆ ಬಹಳ ಉಪಕಾರ ಆಯಿತು. ಸಂಜೆ ನಾಲ್ಕರ ನಂತರ ಅತ್ತೆ ಸಿಡುಕಿದರೆ ಅದು ದಣಿವು ಅಂತ ತಿಳಿದು ಸ್ವಲ್ಪ ಮಲಗಿಸತೊಡಗಿದೆವು.

ಮೂಗಿಗೆ ಕೊಟ್ಟದ್ದು ಮಾತ್ರೆ ಅಲ್ಲ, ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹಮ್ಮೆಲ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಕ್ರಮ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆ ಎರಡು ಸಲ, 12 ವಾರ ಮೂಸುವುದು. ಆಮೇಲಿನವರು ಇನ್ನೂ ಜಾಸ್ತಿ ತಿಂಗಳು, ಪರಿಮಳ ಬದಲಿಸುತ್ತಾ ಮಾಡಿದರೆ ಒಳ್ಳೆಯದು ಅಂದಿದ್ದಾರೆ. ಖರ್ಚು ಹೆಚ್ಚಿಲ್ಲ. ನಾಲ್ಕು ಸಣ್ಣ ಗಾಜಿನ ಬಾಟಲಿ, ಒಳಗೆ ಹತ್ತಿ, ಒಂದೊಂದಕ್ಕೆ ಕೆಲವು ಹನಿ ಎಣ್ಣೆ. ಹೊರಗೆ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದೆ. ಹೆಸರು ನೋಡಿಕೊಂಡೇ ಮೂಸಬೇಕು, ಆ ಪರಿಮಳ ಮೊದಲು ಹೇಗಿತ್ತು ಅಂತ ಮನಸ್ಸಿನಲ್ಲಿ ತಂದುಕೊಳ್ಳಬೇಕು. ಅತ್ತೆ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದು ಜಗಲಿಯಲ್ಲಿ ಕೂತು ಮೂಸುತ್ತಿದ್ದರು. ರಾತ್ರಿ ಮಲಗುವ ಮೊದಲು ಇನ್ನೊಮ್ಮೆ. ಮೊದಲ ವಾರ ನೀಲಗಿರಿ ಬಂತು ಅಂತ ಸಂತೋಷಪಟ್ಟರು, ಆಮೇಲೆ ಅವರೇ "ಇಲ್ಲ, ಇದು ತಂಪು ಮಾತ್ರ, ಅಮೋನಿಯದ ಹಾಗೆ" ಅಂದರು. ಇಷ್ಟು ಸೂಕ್ಷ್ಮವಾಗಿ ಅವರು ಬೇರೆ ಮಾಡಿದ್ದು ನೋಡಿ ನನಗೆ ಹೆಮ್ಮೆ ಅನಿಸಿತು.

ಏಳನೇ ತಿಂಗಳಲ್ಲಿ ಏನೋ ಬಂತು. ಒಳ್ಳೆಯದಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹತ್ತಿರ ತಂದವರು ಅಲ್ಲೇ ಇಟ್ಟು ಹಿತ್ತಿಲಿಗೆ ಓಡಿದರು. ರಬ್ಬರ್ ಸುಟ್ಟ ನಾತ ಅಂದರು. ನೀರುಳ್ಳಿ ಹುರಿದರೂ ಅದೇ ನಾತ. ಎರಡು ತಿಂಗಳು ಮನೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ, ಕಾಫಿ ಬಂದ್. ಮೂಗು ಪೂರ್ತಿ ಸತ್ತದ್ದಕ್ಕಿಂತ ಇದು ಹಿಂಸೆ ಅಂತ ಅತ್ತೆ ಅಳುತ್ತಿದ್ದರು. ಡಾಕ್ಟರಿಗೆ ಫೋನ್ ಮಾಡಿದರೆ, ಕೆಲವು ಎಳೆ ಮತ್ತೆ ಕೂಡಿಕೊಳ್ಳುವಾಗ ಸುದ್ದಿ ತಪ್ಪಾಗಿ ಮುಟ್ಟುತ್ತದೆ, ಒಂದು ರೀತಿಯಲ್ಲಿ ಇದು ಚಿಗುರುವ ಲಕ್ಷಣವೂ ಇರಬಹುದು, ಕಷ್ಟ ಕೊಡುವುದನ್ನು ದೂರ ಇಡಿ, ತಣ್ಣಗಿನ ಊಟ ಕೊಡಿ ಅಂದರು. ಬಿಸಿ ಊಟದಿಂದ ಹೆಚ್ಚು ವಾಸನೆ ಏಳುತ್ತದೆ, ತಣ್ಣಗಿದ್ದರೆ ಕಡಿಮೆ. ಮೊಸರನ್ನ, ತಂಬುಳಿ, ಹಣ್ಣು, ಇಷ್ಟರಲ್ಲಿ ಆ ದಿನಗಳನ್ನು ದಾಟಿದೆವು. ಮಾವನೂ ಎರಡು ತಿಂಗಳು ಕಾಫಿ ಬಿಟ್ಟರು. ಅವರು ಯಾವತ್ತೂ ಅದನ್ನು ಹೇಳಿಕೊಂಡವರಲ್ಲ, ನಾನು ಇಲ್ಲಿ ಹೇಳುತ್ತಿದ್ದೇನೆ.

ಊಟದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ದಿನನಿತ್ಯದ ಬದುಕು ಇರುವುದು ಅಲ್ಲಿ. ಮೊದಲು ನಾನು ಮಸಾಲೆ ಜಾಸ್ತಿ ಮಾಡಿದೆ. ಪ್ರಯೋಜನ ಇಲ್ಲ, ಪರಿಮಳ ಎರಡು ಪಟ್ಟಾದರೂ ಅವರಿಗೆ ಸೊನ್ನೆಯೇ. ಅವರು ಉಪ್ಪು ಜಾಸ್ತಿ ಮಾಡಿಕೊಂಡದ್ದರಿಂದ ಬಿಪಿ ಏರಿತು. ಆಮೇಲೆ ಹೊಳೆದದ್ದು, ಇರುವ ಆರನ್ನು ಹಿಡಿದು ಅಡಿಗೆ ಕಟ್ಟಬೇಕು ಅಂತ. ನಮ್ಮ ಕಡೆಯ ಅಡಿಗೆಯಲ್ಲಿ ಅದಕ್ಕೆ ಬೇಕಾದ್ದೆಲ್ಲ ಮೊದಲೇ ಇದೆ. ಹಾಗಲಕಾಯಿ ಗೊಜ್ಜಿನಲ್ಲಿ ಕಹಿ, ಹುಳಿ, ಬೆಲ್ಲ, ಖಾರ ನಾಲ್ಕೂ ಒಟ್ಟಿಗೆ ಬರುತ್ತವೆ. ಎಷ್ಟೋ ತಿಂಗಳಾದ ಮೇಲೆ ಅತ್ತೆ ಇನ್ನೊಮ್ಮೆ ಕೇಳಿ ಬಡಿಸಿಕೊಂಡದ್ದು ಅದನ್ನೇ. ಪುನರ್ಪುಳಿ ಸಾರು, ಬಿಂಬುಳಿ ಚಟ್ನಿ, ಗಾಂಧಾರಿ ಮೆಣಸು ನುರಿದ ಮಜ್ಜಿಗೆ, ಶುಂಠಿ ತಂಬುಳಿ. ಹುಳಿ ಮತ್ತು ಖಾರ ಸೇರಿದಲ್ಲಿ ಉಪ್ಪು ಕಡಿಮೆ ಸಾಕಾಗುತ್ತದೆ. ಬಾಳೆಕುಂಡಿಗೆಯ, ನೆಲ್ಲಿಕಾಯಿಯ ಒಗರು.

ಇನ್ನೊಂದು, ಹಲ್ಲಿಗೆ ಸಿಗುವುದು. ಪರಿಮಳ ಇಲ್ಲದವರಿಗೆ ಮೆತ್ತಗಿನ ಊಟ ಮಣ್ಣು ತಿಂದ ಹಾಗೆ ಅಂತೆ. ಹಲಸಿನ ಹಪ್ಪಳ, ಬಾಳ್ಕದ ಮೆಣಸು, ಕೋಸಂಬರಿ, ಮೇಲೆ ಹುರಿದ ನೆಲಗಡಲೆ, ಪ್ರತಿ ಊಟಕ್ಕೂ ಏನಾದರೂ ಒಂದು ಕಟುಂ ಅನ್ನುವುದು ಇಡುತ್ತೇನೆ. ಬಿಸಿ ಅನ್ನಕ್ಕೆ ತಣ್ಣಗಿನ ತಂಬುಳಿ ಹಾಕಿದಾಗ ಬಾಯಲ್ಲಿ ಆಗುವ ಬದಲಾವಣೆ ಅವರಿಗೆ ಈಗ ಇಷ್ಟ. ತೂಕ 58ಕ್ಕೆ ಬಂದು ನಿಂತಿದೆ.

ಮನೆಯ ವ್ಯವಸ್ಥೆ ಬದಲಾಯಿತು. ಗ್ಯಾಸ್ ಸೋರಿದರೆ ಕೂಗುವ ಯಂತ್ರ ತಂದೆವು. ಅಂಗಡಿಯವರು ಮೇಲೆ ಸೂರಿನ ಹತ್ತಿರ ಹಾಕಿ ಅಂದರು, ಅದು ತಪ್ಪು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ, ಹಾಗಾಗಿ ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಾಕಿಸಿದೆ. ಹೊಗೆಗೆ ಬೇರೆ ಯಂತ್ರ, ಅದು ಮೇಲೆ. ಗ್ಯಾಸ್ ಸೋರಿಕೆಗೆ ಕರೆ ಮಾಡುವ 1906 ನಂಬರನ್ನು ಗೋಡೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇವೆ. ಯಂತ್ರ ಕೂಗಿದರೆ ಸ್ವಿಚ್ ಮುಟ್ಟಬಾರದು, ಬಾಗಿಲು ತೆಗೆದು ಹೊರಗೆ ಬರಬೇಕು ಅಂತ ಅತ್ತೆಗೆ ಬಾಯಿಪಾಠ. ಫ್ರಿಜ್ಜಿನಲ್ಲಿ ಇಡುವ ಪ್ರತಿ ಪಾತ್ರೆಗೂ ದಿನ ಬರೆದ ಚೀಟಿ. ಈ ಚೀಟಿ ಬಂದದ್ದು ಒಂದು ಬೇಸರದ ಘಟನೆಯ ಮೇಲೆ. ತೋಟದ ಕೆಲಸಕ್ಕೆ ಬರುವ ಅಕ್ಕನಿಗೆ ಅತ್ತೆ ಹಿಂದಿನ ದಿನದ ಪದಾರ್ಥ ಬಡಿಸಿದ್ದರು. ಹಳಸಿತ್ತು. ಅವರು ಏನೂ ಹೇಳದೆ ಬದಿಗೆ ಸರಿಸಿ ಬರೀ ಅನ್ನ ಮಜ್ಜಿಗೆ ಉಂಡರು. ನಾನು ಪಾತ್ರೆ ತೊಳೆಯುವಾಗ ಕಂಡು ಹೇಳಿದೆ. ಅತ್ತೆ ಆ ದಿನ ಊಟ ಮಾಡಲಿಲ್ಲ. "ಉಣ್ಣಲು ಕೂತವರಿಗೆ ಹಳಸಿದ್ದು ಹಾಕಿದೆನಲ್ಲ" ಅಂತ ಮತ್ತೆ ಮತ್ತೆ ಹೇಳಿದರು. ಮರುದಿನ ಅಕ್ಕನ ಕೈ ಹಿಡಿದು ಕ್ಷಮೆ ಕೇಳಿದರು.

ಹೊರಗಿನವರಿಗೆ ಕಾಣದ ಕಷ್ಟ ಇನ್ನೂ ಉಂಟು. ತನ್ನ ಮೈ ವಾಸನೆ ಬರುತ್ತದೇನೋ ಅನ್ನುವ ಹೆದರಿಕೆ. ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದರು. ಮದುವೆ, ಉಪನಯನ, ಪೂಜೆ, ಎಲ್ಲದಕ್ಕೂ ಹೋಗುವುದು ಬಿಟ್ಟರು. ಸಾಲಿನಲ್ಲಿ ಕೂತು ಉಣ್ಣುವಾಗ "ಪಾಯಸ ಹೇಗುಂಟು?" ಅಂತ ಕೇಳಿದರೆ ಏನು ಹೇಳುವುದು? "ಕಿವಿ ಹೋದರೆ ಜೋರಾಗಿ ಮಾತಾಡ್ತಾರೆ, ಕಣ್ಣು ಹೋದರೆ ಕೈ ಹಿಡೀತಾರೆ, ಇದಕ್ಕೆ ಯಾರು ಎಂತ ಮಾಡುವುದು?" ಅಂತ ಒಮ್ಮೆ ಕೇಳಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ವಾಸನೆ ಹೋಗುವುದು ಅದರಲ್ಲಿ ಇಲ್ಲ. ಸರ್ಟಿಫಿಕೇಟು ನಮಗೆ ಬೇಕೂ ಇರಲಿಲ್ಲ, ಆದರೂ ಪಟ್ಟಿ ಓದಿದಾಗ ನನಗೆ ಬೇಸರ ಆಯಿತು.

ಅವರಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಏನು ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮೊದಲ ಮಳೆ ಬಿದ್ದ ಸಂಜೆ ಜಗಲಿಯಲ್ಲಿ ಕೂತಿದ್ದೆವು. "ಮಣ್ಣಿನ ಪರಿಮಳ ಬಂತಾ?" ಅಂದರು. ಬಂತು ಅಂದರೆ ನೋವಾಗಬಹುದು ಅಂತ ಸುಮ್ಮನಿದ್ದೆ. "ಮುಚ್ಚಿಡಬೇಡ ಮಾರಾಯ್ತಿ, ಹೇಗುಂಟು ಹೇಳು" ಅಂದರು. ಹೇಳಿದೆ. ಸಗಣಿ ಸಾರಿಸಿದ ಅಂಗಳದ ಹಾಗೆ ಶುರುವಾಗಿ ಆಮೇಲೆ ಹೊಸ ಮಡಕೆಯ ನೀರಿನ ಹಾಗೆ, ನಡುವೆ ಒಣಗಿದ ಅಡಿಕೆ ಸಿಪ್ಪೆಯದ್ದು ಸ್ವಲ್ಪ. ಕಣ್ಣು ಮುಚ್ಚಿ ಕೇಳಿದರು. ನೆನಪಾಯ್ತು ಅಂದರು. ಅವತ್ತಿನಿಂದ ನಾವು ಹೇಳುತ್ತೇವೆ. ಒಳ್ಳೆದುಂಟು ಅಂದರೆ ಅವರಿಗೆ ಸಾಲುವುದಿಲ್ಲ, ಯಾವುದರ ಹಾಗೆ ಅಂತ ಹೇಳಬೇಕು. ನನ್ನ ಗಂಡನಿಗೆ ಮೊದಲು ಬರುತ್ತಿರಲಿಲ್ಲ, ಈಗ ಕೊಕ್ಕೋ ಹುಳಿಯುವಾಗಿನ ವಾಸನೆಯನ್ನು ಐದು ನಿಮಿಷ ವರ್ಣಿಸುತ್ತಾರೆ.

ಈಗ ಮೂರು ವರ್ಷ. ಕಾಫಿಯ ಕೆಟ್ಟ ನಾತ ಹೋಗಿದೆ, ಒಳ್ಳೆಯ ಪರಿಮಳ ಬಂದಿಲ್ಲ. ಲವಂಗ ವಾರಕ್ಕೆ ಒಂದೆರಡು ಸಲ, ದೂರದಿಂದ ಬಂದ ಹಾಗೆ ತಿಳಿಯುತ್ತದಂತೆ. ಕರ್ಪೂರ ಹಚ್ಚಿದರೆ ತಂಪು ತಿಳಿಯುತ್ತದೆ. ಉಳಿದದ್ದು ಇಲ್ಲ. ಇನ್ನು ಹೆಚ್ಚು ಬರುವ ಆಸೆ ಇಟ್ಟುಕೊಂಡಿಲ್ಲ ಅಂತ ಅವರೇ ಹೇಳುತ್ತಾರೆ, ಬಾಟಲಿ ಮಾತ್ರ ಬಿಟ್ಟಿಲ್ಲ.

ತುಪ್ಪ ಕಾಯಿಸುವುದನ್ನು ಎರಡು ವರ್ಷ ನನಗೇ ಬಿಟ್ಟಿದ್ದರು. ಕಳೆದ ತಿಂಗಳು ತಾನೇ ಕೂರುತ್ತೇನೆ ಅಂದರು. ಜಗಲಿಯಲ್ಲಲ್ಲ, ಒಲೆಯ ಹತ್ತಿರವೇ. ಬೆಣ್ಣೆ ಕರಗಿ ನೊರೆ ಎದ್ದಿತು, ಚಟಪಟ ಜೋರಾಯಿತು. ಒಂದು ವೀಳ್ಯದೆಲೆ ಹರಿದು ಹಾಕಿದರು. ಕಿವಿ ಒಲೆಯ ಕಡೆ, ಕಣ್ಣು ಎಲೆಯ ಮೇಲೆ. ಸದ್ದು ಇಳಿಯುತ್ತಾ ಬಂತು. ನೀರಿನ ಸದ್ದು ನಿಂತು ಸಣ್ಣ ನೊರೆ ಮತ್ತೆ ಏಳುವ ಹೊತ್ತಿಗೆ ಎಲೆ ಗರಿಗರಿಯಾಗಿ ಸುರುಟಿತು. ಪಾತ್ರೆಯ ತಳ ಕೆಂಪಾಗುವುದು ಕಂಡಿತು. ನನಗೆ ಪರಿಮಳ ಬಂದು, ಆಯ್ತು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಒಲೆ ನಂದಿಸಿ ಆಗಿತ್ತು.

ಎಲೆಯನ್ನು ಸೌಟಿನಲ್ಲಿ ಎತ್ತಿ ನನ್ನ ಕಡೆ ಹಿಡಿದರು.

"ಹೇಳು, ಯಾವುದರ ಹಾಗೆ ಉಂಟು?"